ಲಡ್ಡುವಿನ ಏಳು ಇಂಜೆಕ್ಷನ್

ಹಾವು ಉಸಿರಾಡುವ ಸದ್ದು ಸಾಮಾನ್ಯವಾಗಿ ನಮ್ಮ ಕಿವಿಗೆ ಬೀಳುವುದಿಲ್ಲ. ಲಡ್ಡುವಿನ ಉಸಿರು ಮಾತ್ರ ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಕೇಳಿಸಿತು. ನೆಗಡಿ ಕಟ್ಟಿದ ಮಗು ಮಲಗಿದಾಗ ಬರುತ್ತದಲ್ಲ, ಆ ಥರದ ಗೊರಗೊರ. ಮುಚ್ಚಳ ತೆಗೆದರೆ, ಒಂದು ಕಿಲೋ ಇನ್ನೂರು ಗ್ರಾಂ ತೂಗುವ ಬಾಲ್ ಪೈಥಾನ್ ಎಂಬ ಪುಟ್ಟ ಹೆಬ್ಬಾವು ಮೈಯನ್ನೆಲ್ಲ ಉಂಡೆ ಕಟ್ಟಿ, ತಲೆಯನ್ನು ಉಂಡೆಯ ನಡುವೆ ಅಡಗಿಸಿ ಕೂತಿತ್ತು. ಹೆದರಿದಾಗ ಈ ಜಾತಿಯ ಹಾವು ಮಾಡುವುದೇ ಅಷ್ಟು. ವಿಷವಿಲ್ಲ, ಓಡಿ ತಪ್ಪಿಸಿಕೊಳ್ಳುವ ಚುರುಕಿಲ್ಲ, ಉಂಡೆಯಾಗಿಬಿಡುತ್ತದೆ. ಲಡ್ಡು ಎಂಬ ಹೆಸರು ಬಂದದ್ದೂ ಹಾಗೆಯೇ.

ತಂದವಳು ಆರು ತಿಂಗಳ ಗರ್ಭಿಣಿ. ತವರು ಗೌರಿಬಿದನೂರು, ಕೊಟ್ಟದ್ದು ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ ಪಕ್ಕದ ರೇಷ್ಮೆ ಬೆಳೆಯುವ ಮನೆಗೆ. ಕಾಲೇಜು ದಿನಗಳಿಂದ ಸಾಕಿದ ಹಾವನ್ನು ಮದುವೆಯ ಸಾಮಾನಿನ ಜೊತೆ ಗಂಡನ ಮನೆಗೆ ತಂದುಕೊಂಡಿದ್ದಳು. ನಮ್ಮ ಹೊಲಗಳ ಹಾವನ್ನು ಮನೆಯಲ್ಲಿ ಸಾಕುವುದು ಕಾನೂನಿಗೆ ವಿರುದ್ಧ. ಇದು ಹೊರದೇಶದ ಜಾತಿ, ಸರ್ಕಾರದ ನೋಂದಣಿ ಇದೆ ಎಂದು ನಾನು ಕೇಳುವ ಮೊದಲೇ ಕಾಗದ ತೆಗೆದು ತೋರಿಸಿದಳು. ಅವಳ ಗಂಡ ಕಾರಿನ ಪಕ್ಕದಲ್ಲೇ ನಿಂತಿದ್ದ. ಒಳಗೆ ಬನ್ನಿ ಎಂದರೆ, "ಇಲ್ಲೇ ಚೆನ್ನಾಗೈತೆ ಮೇಡಂ, ಗಾಳಿ ಬರ್ತೈತೆ" ಎಂದ.

ಚಿಕ್ಕಬಳ್ಳಾಪುರದ ನನ್ನ ಕ್ಲಿನಿಕ್ಕಿಗೆ ಬರುವುದು ನಾಯಿ, ಬೆಕ್ಕು. ನಂದಿ ಕಡೆಯಿಂದ ಕರೆ ಬಂದರೆ ಹಸು. ಹಾವಿಗೆ ಕೊಡಬೇಕಾದ ಔಷಧ ನನಗೆ ಗೊತ್ತಿತ್ತು, ಹಾವು ಹಿಡಿದ ಅನುಭವ ಮಾತ್ರ ಬೆರಳೆಣಿಕೆಯಷ್ಟು. ಅದನ್ನು ಅವಳಿಗೆ ಹೇಳಲಿಲ್ಲ. ಮೂಗಿನ ತುದಿಯಲ್ಲಿ ಗುಳ್ಳೆ, ಬಾಯಲ್ಲಿ ಲೋಳೆ, ಮೂರು ವಾರದಿಂದ ಆಹಾರ ಮುಟ್ಟಿಲ್ಲ. ಶ್ವಾಸಕೋಶದ ಸೋಂಕು ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಬೆಂಗಳೂರಿನಲ್ಲಿ ಇಂಥ ಪ್ರಾಣಿಗಳನ್ನೇ ನೋಡುವ ಹಿರಿಯ ವೈದ್ಯರಿಗೆ ಫೋನ್ ಮಾಡಿ ಔಷಧದ ಪ್ರಮಾಣ ಖಚಿತಪಡಿಸಿಕೊಂಡೆ. ಮೂರು ದಿನಕ್ಕೊಂದರಂತೆ ಏಳು ಇಂಜೆಕ್ಷನ್. ನಡುವೆ ಬಿಟ್ಟರೆ ಸೋಂಕು ಮತ್ತೆ ತಲೆ ಎತ್ತುತ್ತದೆ, ಆಮೇಲೆ ಔಷಧ ನಾಟುವುದಿಲ್ಲ, ಹಾವು ಉಳಿಯುವುದು ಕಷ್ಟ. ಇಷ್ಟನ್ನೂ ಮುಚ್ಚುಮರೆಯಿಲ್ಲದೆ ಹೇಳಿದೆ.

"ನಾನೇ ಹಿಡ್ಕೊತೀನಿ ಮೇಡಂ. ನನ್ ಕೈಲಿ ಸುಮ್ನಿರುತ್ತೆ" ಎಂದಳು.

ಅಲ್ಲೇ ಇತ್ತು ತೊಡಕು. ಹಾವಿನ ಮೈಯಲ್ಲಿ, ಬಾಯ ಲೋಳೆಯಲ್ಲಿ ಇರಬಹುದಾದ ಕೆಲವು ರೋಗಾಣುಗಳು ಗರ್ಭಿಣಿಗೆ ಒಳ್ಳೆಯದಲ್ಲ. ಅವಳನ್ನು ನೋಡುತ್ತಿದ್ದ ಹೆರಿಗೆ ಡಾಕ್ಟರು ಮುಟ್ಟಲೇಬೇಡ ಎಂದು ಖಡಾಖಂಡಿತವಾಗಿ ಹೇಳಿದ್ದರು, ನಾನೂ ಅದನ್ನೇ ಹೇಳಿದೆ. ಹಾಗಾದರೆ ಹಿಡಿಯುವವರು ಯಾರು? ಗಂಡನ ಕಡೆ ನೋಡಿದೆ. ಆತ ಗಾಳಿ ಇನ್ನೂ ಚೆನ್ನಾಗಿ ಬರುವ ಕಡೆಗೆ ಎರಡು ಹೆಜ್ಜೆ ಸರಿದ.

"ಹಂಗಾದ್ರೆ ಅತ್ತೆ ಒಬ್ರೇ ಉಳಿದಿರೋದು" ಎಂದಳು. ಇನ್ನು ಮೂರು ವಾರಕ್ಕೆ ಅವಳು ಹೆರಿಗೆಗೆ ತವರಿಗೆ ಹೊರಡಬೇಕಿತ್ತು. ಅಷ್ಟರಲ್ಲಿ ವಾಸಿಯಾದರೆ ಲಡ್ಡುವನ್ನೂ ಜೊತೆಗೆ ಒಯ್ಯುವ ಯೋಚನೆ, ಅಲ್ಲಿ ತಮ್ಮ ನೋಡಿಕೊಳ್ಳುತ್ತಾನೆ. ಆಗದಿದ್ದರೆ ಕಾಯಿಲೆಯ ಹಾವನ್ನು ಈ ಮನೆಯಲ್ಲಿ ಯಾರ ಕೈಗೆ ಬಿಟ್ಟು ಹೋಗುವುದು? ಕೇಳುತ್ತ ಕೇಳುತ್ತ ಅವಳ ಕಣ್ಣು ತುಂಬಿಕೊಂಡವು. ಮೊದಲ ಇಂಜೆಕ್ಷನ್ ಕ್ಲಿನಿಕ್ಕಿನಲ್ಲೇ ಕೊಟ್ಟು, ಎರಡನೆಯದಕ್ಕೆ ನಾನೇ ಮನೆಗೆ ಬರುತ್ತೇನೆಂದು ಒಪ್ಪಿಕೊಂಡೆ.

ಶಿಡ್ಲಘಟ್ಟ, ಚಿಂತಾಮಣಿ ದಾಟಿ ಹೋಗುವಾಗ ನನ್ನ ಯೋಜನೆ ಸಲೀಸಾಗಿತ್ತು. ಇವತ್ತು ಅತ್ತೆಗೆ ಕಲಿಸುವುದು, ಮೂರನೆಯದಕ್ಕೆ ಜೊತೆಗಿರುವುದು, ಉಳಿದ ನಾಲ್ಕು ಅವರದೇ ಜವಾಬ್ದಾರಿ. ಅತ್ತೆ ಐವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು. ಬಾಗಿಲಲ್ಲೇ ತಡೆದು, "ಚಪ್ಲಿ ಅಲ್ಲೇ ಬಿಡಿ ಡಾಕ್ಟ್ರಮ್ಮ, ಒಳಗೆ ಹುಳ ಐತೆ" ಎಂದರು. ಸೊಸೆ ಬಸುರಿಯಾದ ಮೇಲೆ ಹಾವಿನ ಗಾಜಿನ ಪೆಟ್ಟಿಗೆಯನ್ನು ಅವಳ ಕೋಣೆಯಿಂದ ತೆಗೆಸಿ, ಹುಳು ಸಾಕುವ ಮನೆಗೆ ಅಂಟಿಕೊಂಡ ಸಣ್ಣ ಕೋಣೆಯಲ್ಲಿ ಇಡಿಸಿದ್ದರು. ಪೆಟ್ಟಿಗೆಯ ಅಡಿ ಹಾಸಿದ್ದ, ಬಿಸಿ ಕೊಡುವ ಹೀಟ್ ಮ್ಯಾಟಿನ ಪ್ಲಗ್ ಕಿತ್ತಿಟ್ಟಿತ್ತು. ಮೇಲೆ ಒದ್ದೆ ಗೋಣಿತಾಟು. ಗೋಡೆಯ ಥರ್ಮಾಮೀಟರ್ ಇಪ್ಪತ್ತೈದು ತೋರಿಸುತ್ತಿತ್ತು.

"ಇಪ್ಪತ್ತೈದೇ ಇಟ್ಟಿದೀನಿ. ಒಂದ್ ಡಿಗ್ರಿ ಆ ಕಡೆ ಈ ಕಡೆ ಆಗಿಲ್ಲ" ಎಂದರು ಹೆಮ್ಮೆಯಿಂದ. "ಶಾಖ ಜಾಸ್ತಿ ಆದ್ರೆ ಸಪ್ಪೆ ರೋಗ ಬರಲ್ವಾ?"

ಸಪ್ಪೆ ರೋಗ ಬರುವುದು ರೇಷ್ಮೆ ಹುಳುವಿಗೆ. ಮೂವತ್ತು ವರ್ಷ ಹುಳು ಸಾಕಿದ ಕೈ ಬೇರೆ ಯಾವ ಜೀವ ಸಿಕ್ಕರೂ ಹುಳುವಿನ ಲೆಕ್ಕದಲ್ಲೇ ಸಾಕುತ್ತದೆ. ಕಾಳಜಿಗೆ ಕೊರತೆಯೇನೂ ಇರಲಿಲ್ಲ. ಆ ಕಾಳಜಿಯ ದೆಸೆಯಿಂದಲೇ ಹಾವು ತಂಪಿನಲ್ಲಿ, ತೇವದಲ್ಲಿ ಕೂತು ಎದೆ ಕಟ್ಟಿಸಿಕೊಂಡಿತ್ತು. ಪೆಟ್ಟಿಗೆಯ ಒಂದು ತುದಿ ಮೂವತ್ತೆರಡು, ಇನ್ನೊಂದು ತುದಿ ಇಪ್ಪತ್ತೇಳು ಇರಬೇಕು, ಯಾವ ಕಡೆ ಮಲಗಬೇಕೆಂದು ಅದೇ ಆರಿಸಿಕೊಳ್ಳುತ್ತದೆ ಎಂದು ವಿವರಿಸಿದೆ. ಅತ್ತೆ ಗೋಣಿತಾಟು ತೆಗೆದು ಪ್ಲಗ್ ಹಾಕಿದರು. ಮುಖ ಸಣ್ಣದಾಗಿತ್ತು. "ನನ್ನಿಂದಾನೇ ಆಗಿದ್ದಾ?" ಎಂದರು. ಹೌದು ಎನ್ನಲು ನನಗೆ ಬಾಯಿ ಬರಲಿಲ್ಲ, ಇಲ್ಲ ಎಂದರೆ ಸುಳ್ಳಾಗುತ್ತಿತ್ತು. "ಇನ್ಮೇಲೆ ಸರಿಹೋಗುತ್ತೆ ಅಮ್ಮ" ಎಂದು ಮಾತು ತೇಲಿಸಿದೆ.

ಹಿಡಿಯುವುದನ್ನು ಕಲಿಸಲು ಅಡಿಗೆಮನೆಯಿಂದಲೇ ಶುರುಮಾಡಿದೆವು. ಹಳೇ ಸೀರೆಯ ಅಂಚಿನಿಂದ ಉದ್ದ ಚೀಲ ಹೊಲಿದು, ಅದಕ್ಕೆ ಒಂದು ಕಿಲೋ ರಾಗಿ ತುಂಬಿದೆವು. ಮೇಲಿನಿಂದ ಕೈ ಇಳಿಸಬಾರದು, ಹದ್ದು ಎರಗಿದ ಹಾಗೆ ಅನ್ನಿಸುತ್ತದೆ. ಪಕ್ಕದಿಂದ ಹೋಗಬೇಕು. ಮೊದಲು ನಡುಮೈ ಮುಟ್ಟಬೇಕು, ತಲೆಯನ್ನಲ್ಲ. ಎರಡು ಕಡೆ ಆಸರೆ ಕೊಡಬೇಕು, ಹಿಸುಕಬಾರದು. ಇಂಜೆಕ್ಷನ್ ಯಾವಾಗಲೂ ಮೈಯ ಮುಂದಿನ ಮೂರನೇ ಒಂದು ಭಾಗಕ್ಕೆ, ಬೆನ್ನೆಲುಬಿನ ಪಕ್ಕದ ಮಾಂಸಕ್ಕೆ, ಒಂದು ಸಲ ಎಡ, ಇನ್ನೊಂದು ಸಲ ಬಲ. ಸೂಜಿಯ ಅಭ್ಯಾಸಕ್ಕೆ ಬದನೆಕಾಯಿ. ಅತ್ತೆ ಆರು ಬದನೆಕಾಯಿಗೆ ನೀರು ಚುಚ್ಚಿದರು, ಆರನೆಯದು ನನ್ನದಕ್ಕಿಂತ ನೇರವಾಗಿತ್ತು. "ಸಾಯಂಕಾಲ ಎಣ್ಣೆಗಾಯಿ ಮಾಡ್ತೀನಿ, ಊಟ ಮಾಡ್ಕೊಂಡು ಹೋಗಿ" ಎಂದರು. ಅವತ್ತು ಹಾವನ್ನು ನಾನೇ ಹಿಡಿದೆ, ಅವರು ಅದರ ನಡುಮೈಯನ್ನು ಎರಡು ಬೆರಳಿನಿಂದ ಒಂದೇ ಒಂದು ಸಲ ಮುಟ್ಟಿ ಕೈ ಹಿಂದಕ್ಕೆಳೆದರು. ಹೊರಡುವಾಗ ಹೇಳಿದೆ: "ದಿನಾ ಐದು ನಿಮಿಷ ಮುಟ್ಟಿ ಅಭ್ಯಾಸ ಮಾಡಿ. ಮುಂಚೆ ಕೈ ಚೆನ್ನಾಗಿ ತೊಳ್ಕೊಳ್ಳಿ, ಮುಟ್ಟಿದ ಮೇಲೂ ತೊಳ್ಕೊಳ್ಳಿ."

ಮೂರನೇ ಇಂಜೆಕ್ಷನ್ ದಿನ ಅದೇ ಮಾತು ನನಗೆ ತಿರುಗುಬಾಣವಾಯಿತು.

ಲಡ್ಡು ಮೊದಲಿಗಿಂತ ಹೆಚ್ಚು ಬೆದರಿತ್ತು. ಅತ್ತೆಯ ಕೈ ಪೆಟ್ಟಿಗೆಯೊಳಗೆ ಹೋಗುತ್ತಿದ್ದಂತೆ ಬುಸ್ಸೆಂದಿತು, ಕುತ್ತಿಗೆಯನ್ನು ಡೊಂಕಾಗಿ ಹಿಂದಕ್ಕೆಳೆದುಕೊಂಡಿತು. "ನಿಲ್ಲಿ" ಎಂದು ನಾನು ಹೇಳುವುದಕ್ಕೂ ಅದು ಹಾರಿ ಹೆಬ್ಬೆರಳ ಬುಡಕ್ಕೆ ಬಾಯಿ ಹಾಕುವುದಕ್ಕೂ ಸರಿಹೋಯಿತು. ಕಚ್ಚಿದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ಅರ್ಧ ಬಳೆಯಾಕಾರದಲ್ಲಿ ಏಳೆಂಟು ಕೆಂಪು ಚುಕ್ಕಿ, ಅಷ್ಟೇ. ಆದರೆ ಅತ್ತೆ ಗೋಡೆಗೆ ಒರಗಿ ಕೂತುಬಿಟ್ಟರು. ಬಾಗಿಲಾಚೆ ನಿಂತಿದ್ದ ಸೊಸೆ ಒಳಗೆ ಬರಲೂ ಆಗದೆ, ಅಲ್ಲಿರಲೂ ಆಗದೆ "ಅತ್ತೆ, ಅತ್ತೆ" ಎನ್ನುತ್ತಿದ್ದಳು.

ಗಾಯ ತೊಳೆಯಲೆಂದು ಅವರ ಕೈ ಹಿಡಿದುಕೊಂಡೆ. ಮೂಗಿಗೆ ಘಾಟು ಬಡಿಯಿತು.

"ಇದೇನಮ್ಮ, ಬ್ಲೀಚಿಂಗ್ ಪೌಡರ್ ವಾಸನೆ?"

"ನೀವೇ ತಾನೆ ಚೆನ್ನಾಗಿ ತೊಳ್ಕೊಳ್ಳಿ ಅಂದಿದ್ದು!"

ಹುಳು ಮನೆಯ ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ತೊಟ್ಟಿ ಇರುತ್ತದೆ. ಹೊರಗಿನ ರೋಗ ಹುಳುವಿಗೆ ತಗಲದಿರಲಿ ಎಂದು ಒಳಗೆ ಕಾಲಿಡುವವರೆಲ್ಲ ಕೈಕಾಲು ಅದ್ದಿಯೇ ಹೋಗಬೇಕು. ಅತ್ತೆಯ ಪಾಲಿಗೆ ಚೆನ್ನಾಗಿ ತೊಳೆಯುವುದೆಂದರೆ ಮೊಣಕೈ ತನಕ ಆ ನೀರು. ಹಾವು ನಾಲಗೆ ಚಾಚಿ ವಾಸನೆ ಹಿಡಿಯುವ ಪ್ರಾಣಿ, ಅದರ ಮೇಲೆ ಎದೆಯ ಕಾಯಿಲೆ. ಮೂರು ದಿನವೂ ಆ ಘಾಟಿನ ಕೈ ಮುಖದ ಮುಂದೆ ಬಂದರೆ ಅದು ಇನ್ನೇನು ಮಾಡೀತು? ತಪ್ಪು ಅವರದಲ್ಲ. ರೇಷ್ಮೆ ಮನೆಯಲ್ಲಿ ನಿಂತು ಸಾಬೂನು ಎಂಬ ಒಂದು ಪದ ಹೇಳದೆ ಹೋದದ್ದು ನಾನು. ನನ್ನ ಮೇಲೇ ನನಗೆ ಸಿಟ್ಟು ಬಂತು. ಅದನ್ನು ಅವರ ಮುಂದೆ ಒಪ್ಪಿಕೊಂಡೆ, ಹಾವಿನ ವಿಷಯದಲ್ಲಿ ನನಗೂ ಹೆಚ್ಚು ಅನುಭವವಿಲ್ಲವೆಂದೂ ಹೇಳಿದೆ. ಅತ್ತೆ ಸೆರಗು ಸರಿಮಾಡಿಕೊಂಡು ಎದ್ದು, "ಹಂಗಾದ್ರೆ ಇಬ್ರೂ ಕಲಿಯಣ ಬಿಡಿ" ಎಂದರು.

ಅವತ್ತಿನ ಇಂಜೆಕ್ಷನ್ ನಾನೊಬ್ಬಳೇ ಹೇಗೋ ಮುಗಿಸಿದೆ. ಆಮೇಲೆ ಮೊದಲಿನಿಂದ ಶುರು. ವಾಸನೆಯಿಲ್ಲದ ಸಾಬೂನು. ಅತ್ತೆ ಉಟ್ಟು ಬಿಟ್ಟ ಸೀರೆಯ ತುಂಡೊಂದನ್ನು ಪೆಟ್ಟಿಗೆಯಲ್ಲಿ ಇರಿಸಿದೆವು, ಅವರ ಮೈವಾಸನೆ ಅದಕ್ಕೆ ರೂಢಿಯಾಗಲಿ ಎಂದು. ಮೊದಲ ದಿನ ಮುಟ್ಟುವುದೇ ಬೇಡ, ಪೆಟ್ಟಿಗೆಯ ಬಾಗಿಲು ತೆರೆದು ಪಕ್ಕದಲ್ಲಿ ಕೂತರೆ ಸಾಕು. ಎರಡನೇ ದಿನ ಒಳಗೆ ಕೈ ಇಟ್ಟು ಅಲುಗಾಡಿಸದೆ ಬಿಡುವುದು. ಮೂರನೇ ದಿನ ಸೊಸೆ ಬಾಗಿಲಾಚೆಯಿಂದ ವಿಡಿಯೋ ಕಳಿಸಿದಳು. ಅತ್ತೆಯ ಅಂಗೈ ಮೇಲೆ ಲಡ್ಡುವಿನ ಗದ್ದ, ನಾಲಗೆ ನಿಧಾನವಾಗಿ ಆಡುತ್ತಿದೆ. ಅತ್ತೆ ಉಸಿರು ಬಿಗಿಹಿಡಿದು, ತುಟಿ ಅಲುಗಿಸದೆ, "ಎಷ್ಟೊತ್ತಮ್ಮ ಆಯ್ತು?" ಎನ್ನುತ್ತಿದ್ದರು. ನಾಲ್ಕನೇ ಇಂಜೆಕ್ಷನ್ನಿಗೆ ಹಾವು ಅವರ ಮಡಿಲಲ್ಲಿತ್ತು, ಸೂಜಿ ನನ್ನ ಕೈಯಲ್ಲಿ. ಅರ್ಧ ನಿಮಿಷದಲ್ಲಿ ಮುಗಿಯಿತು. ಗೊರಗೊರವೂ ಕಡಿಮೆಯಾಗಿತ್ತು. ಇನ್ನು ಇಷ್ಟು ದೂರ ಬರುವ ಕೆಲಸ ತಪ್ಪಿತೆಂದು ಖುಷಿಯಾಗಿಯೇ ವಾಪಸಾದೆ.

ಐದನೆಯದರ ದಿನ ಬೆಳಗ್ಗೆ ಏಳಕ್ಕೆಲ್ಲ ಫೋನ್. ಗಾಬರಿಯಾದರೆ ಅತ್ತೆಯ ಬಾಯಲ್ಲಿ ತೆಲುಗು ಬಂದುಬಿಡುತ್ತದೆ. "ಕಳ್ಳು ಪೋಯಾಯಿ ಡಾಕ್ಟ್ರಮ್ಮ! ಕಣ್ಣು ಹೋಯ್ತು ಇದಕ್ಕೆ. ಎರಡೂ ಬೆಳ್ಳಗಾಗೈತೆ."

ಹಿಂದೆ ಸೊಸೆ ಅಳುವುದು ಕೇಳಿಸುತ್ತಿತ್ತು.

"ಇವಳಿಗೆ ಹೇಳ್ದೆ, ಬಾಗ್ಲಲ್ಲಿ ನಿಂತು ನೋಡ್ಬೇಡ ಕಣಮ್ಮ ಅಂತ. ಬಸುರಿ ಹೆಂಗಸು ನೋಡಿದ್ರೆ ಹಾವಿಗೆ ಕಣ್ಣು ಕಾಣಲ್ಲ ಅಂತ ಗೊತ್ತಿರೋದೇ ಅಲ್ವಾ? ಕೇಳ್ಲಿಲ್ಲ. ಈಗ ನೋಡಿ, ಕಾಯಿಲೆ ಬಂದಿದ್ದು ನನ್ನಿಂದ, ಕಣ್ಣು ಹೋಗಿದ್ದು ಇವಳಿಂದ. ಎಲ್ಲಿಗಾದ್ರೂ ಕಳಿಸ್ಬಿಡಣ, ಈ ಮನೇಲಿ ಇದು ಬದುಕಲ್ಲ."

ನಮ್ಮ ಕಡೆ ಈ ನಂಬಿಕೆ ಹಳೆಯದು, ನನ್ನ ಅಜ್ಜಿಯೂ ಹೇಳುತ್ತಿದ್ದಳು. ಬೆಳಗಿನ ಕೆಲಸ ಮುಂದೂಡಿ ಕಾರು ಹತ್ತಿದೆ. ದಾರಿಯಲ್ಲೇ ಕಾರಣ ಊಹಿಸಿದ್ದೆ, ಹೋಗಿ ನೋಡಿದರೆ ಅದೇ. ಕಣ್ಣಿನ ಮೇಲೆ ನೀಲಿಬೆರೆತ ಹಾಲಿನ ಪೊರೆ, ಮೈ ಬಣ್ಣ ಮಂಕು, ಹೊಟ್ಟೆಯ ಕಡೆ ತಿಳಿಗೆಂಪು. ಹಾವು ಪೊರೆ ಬಿಡಲು ಸಿದ್ಧವಾಗುತ್ತಿತ್ತು. ಹಾವಿನ ಕಣ್ಣಿಗೆ ರೆಪ್ಪೆಯಿಲ್ಲ, ಕಣ್ಣ ಮೇಲಿನ ಪದರವೂ ಪೊರೆಯ ಜೊತೆಗೇ ಕಳಚುತ್ತದೆ. ಅದಕ್ಕೂ ಯಾರ ನೋಟಕ್ಕೂ ಸಂಬಂಧವಿಲ್ಲ ಎಂದು ಇಬ್ಬರನ್ನೂ ಎದುರು ಕೂರಿಸಿಕೊಂಡು ಹೇಳಿದೆ. ಸೊಸೆ ಕಣ್ಣೊರೆಸಿಕೊಂಡಳು. ಕಾಲೇಜು ದಿನಗಳಿಂದ ಇದನ್ನು ಹತ್ತು ಸಲ ನೋಡಿದ್ದವಳು ಅವಳು. "ನಾನು ಹೇಳಿದ್ರೆ ಅತ್ತೆ ನಂಬ್ಲೇ ಇಲ್ಲ ಮೇಡಂ" ಎಂದಳು.

ಅತ್ತೆ ಪೆಟ್ಟಿಗೆಯ ಹತ್ತಿರ ಹೋಗಿ ಬಗ್ಗಿ ನೋಡಿದರು. "ಅಂದ್ರೆ ನಮ್ ಹುಳ ಜ್ವರಕ್ಕೆ ಕೂರ್ತವಲ್ಲ, ಹಂಗೆ."

ರೇಷ್ಮೆ ಹುಳು ಪೊರೆ ಕಳಚುವುದಕ್ಕೆ ಇಲ್ಲಿ ಹಾಗೆನ್ನುತ್ತಾರೆ. ಆ ಒಂದು ದಿನ ಹುಳು ಸೊಪ್ಪು ತಿನ್ನುವುದಿಲ್ಲ, ತಲೆಯೆತ್ತಿ ನಿಶ್ಚಲವಾಗಿ ಕೂತಿರುತ್ತದೆ. ಯಾರೂ ಅದನ್ನು ಮುಟ್ಟುವುದಿಲ್ಲ. "ಹಂಗೇ" ಎಂದೆ.

"ಮತ್ತೆ ಇವತ್ತು ಮುಟ್ಟಂಗಿಲ್ಲ."

"ಇಂಜೆಕ್ಷನ್ ಇದೆಯಲ್ಲಮ್ಮ. ಬಿಡಕ್ಕಾಗಲ್ಲ."

ಪೊರೆಯ ಹೊತ್ತಿನಲ್ಲಿ ಹಾವಿಗೆ ಕಣ್ಣು ಮಬ್ಬು, ಚರ್ಮ ಸೂಕ್ಷ್ಮ, ಭಯ ಇಮ್ಮಡಿ. ಗೊತ್ತಿದ್ದೂ ನಾನು ಕೈ ಹಾಕಿದೆ. ಡಾಕ್ಟರು ಎಂಬ ಹಮ್ಮು ಇನ್ನೂ ಸ್ವಲ್ಪ ಉಳಿದಿತ್ತು. ಮುಟ್ಟಿದ ಕೂಡಲೇ ಲಡ್ಡು ಗಟ್ಟಿ ಉಂಡೆಯಾಯಿತು, ಉಸಿರು ಮತ್ತೆ ಗೊರಗುಟ್ಟಲು ಶುರುವಾಯಿತು. ಬಿಡಿಸಲು ಹೋದರೆ ಒದ್ದಾಡಿ ಹಳೇ ಚರ್ಮದ ಕೆಳಗಿನ ಎಳೇ ಚರ್ಮ ಹರಿಯುತ್ತದೆ. ಬಿಟ್ಟರೆ ಔಷಧ ತಪ್ಪುತ್ತದೆ. ಎರಡು ಸಲ ಪ್ರಯತ್ನಿಸಿ, ಬೆವತು, ಕೈ ತೆಗೆದೆ.

"ಸರೀರಿ ಡಾಕ್ಟ್ರಮ್ಮ" ಎಂದರು ಅತ್ತೆ ಮೆಲ್ಲಗೆ. "ನಾವು ಲಕ್ಷ ಹುಳ ಸಾಕ್ತೀವಿ. ಒಂದೊಂದನ್ನೇ ಕೈಲಿ ಎತ್ತಿ ಇಡ್ತೀವಾ? ಕಸ ತೆಗೀಬೇಕು ಅಂದ್ರೆ ಮೇಲೆ ಬಲೆ ಹಾಸಿ, ಬಲೆ ಮೇಲೆ ಸೊಪ್ಪು ಹಾಕ್ತೀವಿ. ಅವಾಗಿ ಅವೇ ಹತ್ತಿ ಬರ್ತವೆ. ಆಮೇಲೆ ಬಲೆ ಎತ್ತದು. ಇದನ್ನೂ ಹಿಡಿಯಕ್ಕೆ ಹೋಗ್ಬೇಡಿ, ಬರಂಗೆ ಮಾಡಣ."

ಇದಕ್ಕೆ ಸೊಪ್ಪು ಯಾವುದು ಎಂದು ನಾನು ಕೇಳಲಿಲ್ಲ, ಸೊಸೆಯೇ ಬಾಗಿಲಿಂದ ಹೇಳಿದಳು. "ಕತ್ತಲೆ, ಬೆಚ್ಚಗೆ. ಅದಕ್ಕೆ ಬೇಕಾಗಿರೋದು ಅಷ್ಟೇ ಅತ್ತೆ."

ನಾನು ಹಿಂದೆ ಸರಿದು ನಿಂತೆ. ಅವತ್ತು ನಾನು ಮಾಡಿದ ಸರಿಯಾದ ಕೆಲಸ ಅದೊಂದೇ. ಅತ್ತೆ ಮಗನ ಹಳೇ ಹತ್ತಿ ಪೈಜಾಮದ ಒಂದು ಕಾಲು ಕತ್ತರಿಸಿ ತಂದರು. ಹೀಟ್ ಮ್ಯಾಟಿನ ಮೇಲೆ ಹತ್ತು ನಿಮಿಷ ಬೆಚ್ಚಗಾಗಿಸಿ, ತುದಿ ಗಂಟು ಹಾಕಿ, ಬಾಯಿ ಅಗಲಿಸಿ ಲಡ್ಡುವಿನ ಮುಂದೆ ಹಾಸಿದರು. ಅದು ಅಡಗಿ ಕೂರುತ್ತಿದ್ದ ಮಣ್ಣಿನ ಕುಂಡವನ್ನು ಎತ್ತಿದರು, ಕೋಣೆಯ ಕಿಟಕಿ ಮುಚ್ಚಿದರು. ಎಲ್ಲರೂ ಸುಮ್ಮನೆ ಕೂತೆವು. ಹತ್ತು ನಿಮಿಷ ಏನೂ ಇಲ್ಲ. ನಾನು ಗಡಿಯಾರ ನೋಡಿದರೆ ಅತ್ತೆ ಕಣ್ಣಲ್ಲೇ ಗದರಿದರು. ಆಮೇಲೆ ಉಂಡೆಯ ನಡುವಿನಿಂದ ತಲೆ ಹೊರಬಂತು, ನಾಲಗೆ ಆಡಿತು, ಮಬ್ಬುಗಣ್ಣಿನ ಹಾವು ಬೆಚ್ಚನೆಯ ಕತ್ತಲನ್ನು ಹುಡುಕಿಕೊಂಡು ಮೆಲ್ಲನೆ ಪೈಜಾಮದೊಳಗೆ ಸರಿಯಿತು. ಬಾಲ ಒಳಗೆ ಹೋದ ಮೇಲೆ ಅತ್ತೆ ಅದನ್ನು ಹಾಗೇ ಎತ್ತಿ ಮಡಿಲಲ್ಲಿ ಮಲಗಿಸಿಕೊಂಡರು. ತಲೆ ಬಟ್ಟೆಯೊಳಗೇ ಇರುವಂತೆ ನೋಡಿಕೊಂಡು, ಕುತ್ತಿಗೆಯ ಹಿಂದಿನ ಒಂದು ಗೇಣನ್ನು ಮಾತ್ರ ತೆರೆಯಲು ಪೈಜಾಮದ ಹೊಲಿಗೆಯನ್ನು ಅಲ್ಲಿ ಬಿಚ್ಚಿದೆವು. ಸೂಜಿ ಚುಚ್ಚಿದಾಗ ಲಡ್ಡು ಒಂದು ಸಲ ಬಿಗಿದುಕೊಂಡು ಸಡಿಲವಾಯಿತು. ಬಾಗಿಲಲ್ಲಿ ಸೊಸೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಆರನೆಯದನ್ನು ಅವರೇ ಮಾಡಿಕೊಂಡರು. ಸೂಜಿ ಅತ್ತೆಯದು, ಪೈಜಾಮದ ಬಾಯಿ ಹಿಡಿದುಕೊಂಡವನು ಮಗ. "ಕಣ್ಮುಚ್ಕೊಂಡೇ ಹಿಡ್ಕೊಂಡಿದ್ದ ಡಾಕ್ಟ್ರಮ್ಮ, ಆದ್ರೂ ಬಿಡ್ಲಿಲ್ಲ" ಎಂದು ಫೋನಿನಲ್ಲಿ ವರದಿ ಬಂತು. ಅದಾಗಿ ಎರಡು ದಿನಕ್ಕೆ ಪೊರೆ ಮೂತಿಯಿಂದ ಬಾಲದವರೆಗೆ ಒಂದೇ ತುಂಡಾಗಿ ಕಳಚಿತು. ಕಣ್ಣು ಕರಿಮಣಿಯಷ್ಟು ಸ್ವಚ್ಛ. ಆಗ ಅತ್ತೆ ಸೊಸೆಯನ್ನು ತಾವಾಗಿಯೇ ಕರೆದು ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿ ಕೂರಿಸಿದರಂತೆ. "ನೋಡಮ್ಮ, ಎಷ್ಟೊತ್ತು ಬೇಕಾದ್ರೂ ನೋಡು" ಎಂದರಂತೆ. ಸೊಸೆಯೇ ಫೋನ್ ಮಾಡಿ ಇದನ್ನು ಹೇಳಿದಳು.

ಏಳನೆಯದಕ್ಕೆ ನಾನು ಹೋಗಲೇಬೇಕೆಂದಿರಲಿಲ್ಲ. ಎದೆ ಪರೀಕ್ಷಿಸುವ ನೆಪ ಮಾಡಿಕೊಂಡು ಹೋದೆ. ಪೈಜಾಮ ಮೂಲೆಯಲ್ಲಿ ಮಡಚಿಟ್ಟಿತ್ತು. ಅತ್ತೆ ಪೆಟ್ಟಿಗೆಯೊಳಗೆ ಕೈ ಚಾಚಿ ಕಾದರು, ಲಡ್ಡು ತಾನಾಗಿ ಮೊಣಕೈವರೆಗೆ ಏರಿ ಬಂತು. ಏಳನೆಯ ಸೂಜಿಯೂ ಹಾಗೆಯೇ ಮುಗಿಯಿತು. ಕಿವಿಗೆ ಸ್ಟೆತಾಸ್ಕೋಪ್ ಹಚ್ಚಿ, ಹುರುಪೆ ಉಜ್ಜುವ ಸದ್ದು ಬರದಿರಲೆಂದು ಹಾವಿನ ಮೈಮೇಲೆ ಹಾಸಿದ ಒದ್ದೆ ಬಟ್ಟೆಯ ಮೇಲಿನಿಂದ ಕೇಳಿದೆ. ಗೊರಗೊರ ಇಲ್ಲವೇ ಇಲ್ಲ. ನನ್ನ ಸಮಾಧಾನಕ್ಕೆ ಎರಡೆರಡು ಸಲ ಕೇಳಿದೆ. ಹಿಂದಿನ ದಿನ ಅಂಗಡಿಯಿಂದ ತಂದ ಒಂದು ಇಲಿಯನ್ನೂ ನುಂಗಿತ್ತು. ಹುಳು ತಿನ್ನುವ ಇಲಿಗಳ ಮೇಲೆ ಅತ್ತೆಗೆ ಹಳೇ ದ್ವೇಷ. ಹೊಲದ ಇಲಿ ಕೊಡಬಾರದು, ಅದರಲ್ಲಿ ವಿಷ ಇರಬಹುದು ಎಂದು ನಾನು ತಡೆದಿರದಿದ್ದರೆ ಊರಿನ ಇಲಿಗಳಿಗೆಲ್ಲ ಗತಿ ಕಾಣಿಸುತ್ತಿದ್ದರು.

ಅವತ್ತೇ ಗೌರಿಬಿದನೂರಿನಿಂದ ಸೊಸೆಯ ತಾಯಿ, ತಮ್ಮ ಬಂದಿದ್ದರು, ಕರೆದುಕೊಂಡು ಹೋಗಲು. ಮಡಿಲಕ್ಕಿ ಕಟ್ಟಿ ಆಗಿತ್ತು. ತಮ್ಮ ಗಾಳಿಗೆ ತೂತು ಕೊರೆದ ಹೊಸ ಡಬ್ಬಿಯೊಂದನ್ನು ಕಾರಿನಿಂದ ಇಳಿಸಿದ.

"ಅದ್ಯಾಕಪ್ಪ?" ಎಂದರು ಅತ್ತೆ.

"ಲಡ್ಡುಗೆ ಆಂಟಿ. ಅಕ್ಕನ ಜೊತೆ ಕರ್ಕೊಂಡು ಹೋಗಣ ಅಂತ."

ಅತ್ತೆ ತೋಳಿನ ಮೇಲಿನ ಹಾವನ್ನು ಕೆಳಗಿಳಿಸಲಿಲ್ಲ. "ಇವಳು ಹೆರಿಗೆಗೆ ಹೋಗ್ತಾವ್ಳೆ, ಸರಿ. ಇವನಿಗೇನು ಹೆರಿಗೇನಾ?"

ಎಲ್ಲರೂ ನಕ್ಕರು, ಸೊಸೆ ನಗಲಿಲ್ಲ. ನನ್ನ ಮುಖ ನೋಡಿದಳು. ಪ್ರಯಾಣ ಮಾಡಿಸಬಹುದು, ಇಲ್ಲಿದ್ದರೂ ಚೆನ್ನಾಗಿರುತ್ತದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಅತ್ತೆಯ ಹತ್ತಿರ ಬಂದಳು, ಮುಟ್ಟುವಂತಿಲ್ಲವಾದ್ದರಿಂದ ಒಂದು ಮಾರು ದೂರದಲ್ಲೇ ನಿಂತಳು.

"ಐದಾರು ತಿಂಗಳು ಅತ್ತೆ. ನಿಮ್ಗೆ ಕಷ್ಟ ಆಗಲ್ವಾ?"

"ಕಷ್ಟ ಏನ್ ಬಂತು. ಇಲಿ ನಿನ್ ಗಂಡ ತರ್ತಾನೆ, ನಾನ್ ಕೊಡ್ತೀನಿ." ಲಡ್ಡು ಆ ಹೊತ್ತಿಗೆ ಅವರ ತೋಳಿನಿಂದ ಭುಜಕ್ಕೆ ಏರಿ, ಸೆರಗಿನ ಮಡಿಕೆಯಲ್ಲಿ ತಲೆಯಿಟ್ಟಿತ್ತು. ಅತ್ತೆ ಅದು ಜಾರದಂತೆ ಇನ್ನೊಂದು ಕೈ ಆಸರೆ ಕೊಟ್ಟು, ಸೊಸೆಯತ್ತ ತಿರುಗಿದರು. "ಹುಷಾರಾಗಿ ಹೋಗಮ್ಮ. ಮಗು ಎತ್ಕೊಂಡು ಬೇಗ ಬಾ, ಇವನಿಗೆ ತೋರಿಸ್ಬೇಕು."